ಒಂದಕ್ಷರ ಮುಟ್ಟಿಲ್ಲ

ಸಂಜೆ ಬಸ್ಸಲ್ಲಿ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು, ಒಬ್ಬ ಗಂಡಸು ಬಂದು ಕುಸಿದು ಕೂತರು. ಇಬ್ಬರ ಕೊರಳಲ್ಲೂ ಒಂದೇ ಆಸ್ಪತ್ರೆಯ ಗುರುತಿನ ಚೀಟಿ.

“ಅಂತೂ ಹಳೇ ಸರ್ವರ್ ಕಾಟ ಮುಗೀತು ಮೇಡಂ,” ಅಂದ ಅವನು.

“ಹೂಂ. ಇವತ್ತು ಸಂಜೆ ಗುಜರಿಯವನು ಬಂದ ತಕ್ಷಣ ವೈರ್ ಕಿತ್ತು ಕೊಡು, ಡಿಸ್ಕ್ ನಿನ್ನೆದುರೇ ಒಡೆಸು ಅಂತ ವಾಚ್‌ಮನ್‌ಗೆ ಹೇಳಿದೀನಿ.”

“ಹೊಸದು ಬಂಗಾರ. ತಿಂಗಳಾಯ್ತು, ಒಂದು ತಕರಾರಿಲ್ಲ.”

“ತಕರಾರಿಲ್ಲ, ಸರಿ. ಆದ್ರೆ ಅದರ ಡೇಟಾಬೇಸ್ ಸೈಜ್ ಮೊದಲ ದಿನ ಎಷ್ಟಿತ್ತೋ ಅಷ್ಟೇ ಇದೆಯಲ್ಲ, ಯಾಕೆ?”

“ಡಾಕ್ಟರುಗಳು ದಿನಾ ರಿಪೋರ್ಟ್ ತೆಗೆದು ನೋಡ್ತಿದಾರೆ, ಬಿಡಿ.”

“ಡೇಟಾಬೇಸ್ ಎಲ್ಲಿದೆ ಅಂತ ಬರೆಯೋ ಫೈಲಲ್ಲಿ ಏನು ಹಾಕಿದೀಯ?”

“ನಾನೇನೂ ಹಾಕಿಲ್ಲ. ಹಳೇದರ ಫೈಲನ್ನೇ ತಂದಿಟ್ಟೆ. ನಿಮ್ಮಾಣೆಗೂ ಒಂದಕ್ಷರ ಮುಟ್ಟಿಲ್ಲ.”

“ಅದರಲ್ಲಿ ‘ಇದೇ ಮಷೀನಲ್ಲಿ ನೋಡು’ ಅಂತ ತಾನೇ ಇದ್ದಿದ್ದು?”

“ಇಲ್ಲ... ಮಷೀನಿನ ನಂಬರೇ ಇತ್ತು.”

“ಯಾವ ಮಷೀನಿಂದು?”

“ಹಳೇದರದ್ದೇ...” ಅಂದ ಅವನು. ಅವಳು ಕಣ್ಣು ಮುಚ್ಚಿಕೊಂಡಳು.

“ಅಂದ್ರೆ ತಿಂಗಳಿಡೀ ರಕ್ತಪರೀಕ್ಷೆ ರಿಪೋರ್ಟೆಲ್ಲ ಹೋಗಿ ಬಿದ್ದಿರೋದು ಹಳೇದರಲ್ಲಿ. ವಾಚ್‌ಮನ್‌ಗೆ ಫೋನ್ ಮಾಡು.”

“ಎತ್ತುತ್ತಿಲ್ಲ.”

“ಗೇಟ್ ತೆಗೀತಿರಬೇಕು, ಗುಜರಿಯವನಿಗೆ.”

“ನಿಮ್ಮ ಮನೆ ಸ್ಟಾಪ್ ಬಂತು ಮೇಡಂ.”

“ಬಂತು. ಇಳಿ. ಎದುರುಗಡೆಯಿಂದ ವಾಪಸ್ ಬಸ್ ಹಿಡಿಯೋಣ.”

ಬ್ಯಾಗು ಹೆಗಲಿಗೇರಿಸಿ ಎದ್ದಳು. ಮೆಟ್ಟಿಲಿಳಿಯುವಾಗಲೂ ಅವಳು ದನಿ ಏರಿಸಲಿಲ್ಲ.

“ಆ ಒಂದಕ್ಷರ ಮುಟ್ಟಿದ್ರೆ ನಿನ್ನ ಕೈ ಸವೆದು ಹೋಗ್ತಿತ್ತೇನೋ, ಪುಣ್ಯಾತ್ಮ?”