ಪಾತ್ರೆ ಸಾಹುಕಾರನ ಮೀನಿನ ತೊಟ್ಟಿ

ತಾಯಂದಿರೇ, ಬಂಧುಗಳೇ, ಉಪಕಾರ ಮಾಡಿದವರನ್ನು ನೆನೆಯಬೇಕು ಅಂತ ಆಗಿನಿಂದ ಹೇಳುತ್ತಿದ್ದೇನೆ. ನೀವೂ ತಲೆ ಆಡಿಸುತ್ತಿದ್ದೀರಿ. ಸಂತೋಷ. ಆದರೆ ನೆನೆಯುವುದಕ್ಕೆ ಮೊದಲು, ಉಪಕಾರ ಮಾಡಿದವರು ಯಾರು ಅಂತ ಗೊತ್ತಾಗಬೇಕಲ್ಲ? ಕಷ್ಟ ಇರುವುದು ಅಲ್ಲಿ. ಒಂದು ಕತೆ ಹೇಳುತ್ತೇನೆ, ಕೇಳಿ.

ಯಾವುದೋ ಒಂದು ಊರು. ಹೆಸರು ಬೇಡ, ಹೇಳಿದರೆ ನಿಮ್ಮ ನೆಂಟರು ಯಾರಾದರೂ ಅಲ್ಲಿ ಇದ್ದೇ ಇರುತ್ತಾರೆ. ಆ ಊರಿನ ಪೇಟೆ ಬೀದಿಯಲ್ಲಿ ಒಬ್ಬ ಸ್ಟೀಲ್ ಪಾತ್ರೆ ಸಾಹುಕಾರ. ಅವನ ಅಂಗಡಿಗೆ ಕಾಲಿಟ್ಟರೆ ನಿಮ್ಮ ಮುಖ ನಿಮಗೇ ಹತ್ತು ಕಡೆ ಕಾಣುತ್ತಿತ್ತು, ಅಷ್ಟು ಹೊಳಪು. ಒಂದು ಲೋಟದ ಮೇಲೆ ಬೆರಳಿನ ಗುರುತು ಕಂಡರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಹೆಗಲ ಮೇಲೆ ಯಾವಾಗಲೂ ಒರೆಸುವ ಬಟ್ಟೆ. ಕೆಟ್ಟ ಮನುಷ್ಯ ಅಲ್ಲ, ನೋಡಿ. ಧಾರಾಳಿ. ಮದುವೆಗೆ ಪಾತ್ರೆ ಕೊಂಡವರಿಗೆ ಒಂದು ಚೊಂಬು ಹೆಚ್ಚಿಗೇ ಕೊಟ್ಟು ಕಳಿಸುತ್ತಿದ್ದ. ಆದರೆ ಹೊಳೆಯುವುದೆಲ್ಲ ಒಳ್ಳೆಯದು, ಹೊಳೆಯದ್ದೆಲ್ಲ ಕೆಟ್ಟದ್ದು, ಇಷ್ಟೇ ಅವನ ಶಾಸ್ತ್ರ.

ಅವನ ಹೆಂಡತಿ ಹೊಳೆಯುತ್ತಿರಲಿಲ್ಲ. ಸೆರಗಿನ ತುಂಬ ಅರಿಸಿನದ ಕಲೆ, ಬಾಯಲ್ಲಿ ಸದಾ ಒಂದು ಗೊಣಗಾಟ. ತಟ್ಟೆಯಲ್ಲಿ ಅನ್ನ ಯಾಕೆ ಬಿಟ್ಟಿರಿ, ದೀಪ ಯಾಕೆ ಆರಿಸಲಿಲ್ಲ, ಬಂದವರಿಗೆಲ್ಲ ಊಟ ಮಾಡಿಕೊಂಡು ಹೋಗಿ ಅಂತೀರಲ್ಲ, ಒಳಗೆ ಏನಿದೆ ಅಂತ ಒಂದು ಮಾತು ಕೇಳಿದಿರಾ? ಸಾಹುಕಾರ ಬಂದವರ ಎದುರಿಗೇ ನಗುತ್ತಾ ಹೇಳುತ್ತಿದ್ದ: “ನಮ್ಮನೇಲಿ ಎಲ್ಲ ಪಾತ್ರೇನೂ ಫಳಫಳ ಅನ್ನುತ್ತೆ. ಇದೊಂದು ಮಾತ್ರ ಎಷ್ಟು ಉಜ್ಜಿದರೂ ಮಸಿ ಬಿಡಲ್ಲ!”

ಬಂದವರು ನಗುತ್ತಿದ್ದರು. ಅವರು ಕುಡಿದಿಟ್ಟ ಕಾಫಿ ಲೋಟ ಎತ್ತಿಕೊಂಡು ಅವಳು ಒಳಗೆ ಹೋಗುತ್ತಿದ್ದಳು. ಈಗ ನೀವೂ ನಕ್ಕಿರಿ. ಇರಲಿ, ಮುಂದೆ ಕೇಳಿ.

ಇವರಿಗೆ ಒಬ್ಬಳೇ ಮಗಳು. ಮದುವೆಗೆ ಮುಂಚೆ ಆಸೆಪಟ್ಟು ಎರಡು ಗೋಲ್ಡ್ ಫಿಶ್ ತಂದು ಸಾಕಿದ್ದಳು. ಗಂಡನ ಮನೆಗೆ ಹೊರಟಾಗ “ಅಪ್ಪಾ, ಇವನ್ನ ನೋಡಿಕೋ” ಅಂತ ಹೇಳಿ ಹೋದಳು. ಅಪ್ಪ ನೋಡಿಕೊಂಡ. ಹೇಗೆ ನೋಡಿಕೊಂಡ? ಧಾರಾಳಿ ಅಲ್ಲವೇ! ದೊಡ್ಡದೊಂದು ಗಾಜಿನ ತೊಟ್ಟಿ ತರಿಸಿ ಹಜಾರದ ಈಶಾನ್ಯ ಮೂಲೆಯಲ್ಲಿ ಇಡಿಸಿದ. ಈಶಾನ್ಯದಲ್ಲಿ ನೀರಿದ್ದರೆ ಶುಭ ಅಂತ ಯಾರೋ ಹೇಳಿದ್ದರು. ಅಲ್ಲೇ ಒಂದು ದೊಡ್ಡ ಕಿಟಕಿ, ಬೆಳಗಿನ ಬಿಸಿಲು ನೇರವಾಗಿ ನೀರಿಗೆ. ಬಿಸಿಲು ಹೋದ ಮೇಲೆ ತೊಟ್ಟಿಯ ತಲೆ ಮೇಲಿನ ದೀಪ. ಅದನ್ನು ಆರಿಸುವ ಮಾತೇ ಇಲ್ಲ, ಹೊಳೆಯಬೇಕಲ್ಲ!

ಪಕ್ಕದಲ್ಲಿ ಒಂದು ಡಬ್ಬಿ ತುಂಬ ಪುರಿ. ಕ್ಷೇತ್ರಗಳಿಗೆ ಹೋದಾಗ ಹೊಳೆಯ ಮೀನಿಗೆ ಪುರಿ ಎರಚಿ ಕೈ ಮುಗಿಯುತ್ತೇವಲ್ಲ, ಹಾಗೆ. ಪೂಜೆ ಮುಗಿಸಿ ಅವನೊಂದು ಹಿಡಿ ಹಾಕುತ್ತಿದ್ದ. ಹಾಲಿನವನು ಬಂದರೆ ಅವನೂ ಒಂದು ಹಿಡಿ. ಪಕ್ಕದ ಮನೆಯ ಅಜ್ಜಿ ಪೇಪರ್ ಕೇಳುವುದಕ್ಕೆ ಬಂದರೆ, “ಹಾಕಿ ಅಜ್ಜಿ, ಪುಣ್ಯ ಬರುತ್ತೆ” ಅಂತ ಅವರ ಕೈಗೂ ಡಬ್ಬಿ. ಅಲ್ಲ ಸ್ವಾಮಿ, ಹೊಳೆಯ ನೀರು ಹರಿದು ಹೋಗುತ್ತದೆ. ತೊಟ್ಟಿಯ ನೀರು ಎಲ್ಲಿಗೆ ಹೋಗಬೇಕು? ಎರಡು ಮೀನು, ಬೆರಳಷ್ಟು ಹೊಟ್ಟೆ. ತಿಂದಷ್ಟು ತಿಂದವು, ಮಿಕ್ಕದ್ದು ತಳದಲ್ಲಿ ಕೂತು ಕೊಳೆಯಿತು.

ಆಮೇಲೆ ಪಾಚಿ ಬಂತು. ಮೊದಲು ಕಲ್ಲಿನ ಮೇಲೆ ಒಂದು ಪೊರೆ, ಆಮೇಲೆ ಗಾಜಿಗೆ, ಆಮೇಲೆ ನೀರೇ ಹಸಿರು. ಹೆಂಡತಿ ಹೇಳಿದಳು: “ರೀ, ಆ ಡಬ್ಬಿ ಎತ್ತಿಡಿ. ಕಿಟಕಿಗೊಂದು ಪರದೆ ಹಾಕಿಸಿ. ಬಚ್ಚಲಲ್ಲಿ ಅನ್ನದ ಅಗುಳು ಬಿದ್ದ ಕಡೆ ಪಾಚಿ ಕಟ್ಟಲ್ವಾ? ಇದೂ ಹಂಗೇನೇ.”

“ಶುರುವಾಯ್ತಾ ನಿನ್ನ ವಟವಟ? ಮೂಕಪ್ರಾಣಿಗೆ ಹಾಕೋ ಪುರಿಗೂ ಕಣ್ಣು ಹಾಕ್ತೀಯಲ್ಲೇ.”

ಡಬ್ಬಿ ಅಲ್ಲೇ ಉಳಿಯಿತು.

ಹೀಗಿರುವಾಗ ಮಗಳು ಬಸುರಿಯಾಗಿ ತವರಿಗೆ ಬಂದಳು. ಹಿಂದೆ ಒಂದು ಸಲ ಬಸಿರು ನಿಂತಿರಲಿಲ್ಲ, ಹಾಗಾಗಿ ಈ ಸಲ ಎದೆಯೊಳಗೆ ಸದಾ ಒಂದು ಭಯ. ಬಂದವಳೇ ನೇರವಾಗಿ ತೊಟ್ಟಿಯ ಹತ್ತಿರ ಹೋಗಿ ಗಾಜಿಗೆ ಮುಖ ಹಚ್ಚಿ ನೋಡಿದಳು. ಬರೀ ಹಸಿರು.

“ಅಪ್ಪಾ, ಇದಾವಾ?”

“ಇದಾವೆ ಪುಟ್ಟಾ. ಅಗೋ, ಅಲ್ಲಿ ಬಾಲ ಕಾಣ್ತಲ್ಲ!”

“ಇವು ಚೆನ್ನಾಗಿದ್ದರೆ ನನಗೂ ಎಲ್ಲ ಚೆನ್ನಾಗಾಗುತ್ತೆ ಅಪ್ಪಾ” ಅಂದಳು. ಅದು ಸರಿಯೋ ತಪ್ಪೋ ಅಂತ ನನ್ನನ್ನು ಕೇಳಬೇಡಿ. ಭಯ ಪಟ್ಟವರು ಏನನ್ನಾದರೂ ಹಿಡಿದುಕೊಳ್ಳುತ್ತಾರೆ. ಅವಳು ಆ ಎರಡು ಮೀನನ್ನು ಹಿಡಿದುಕೊಂಡಿದ್ದಳು.

ಮುಂದಿನ ವಾರ ಸೀಮಂತ. ಅವತ್ತು ಬೆಳಿಗ್ಗೆ ಸಾಹುಕಾರ ಹಜಾರದಲ್ಲಿ ನಿಂತು ನೋಡುತ್ತಾನೆ, ಎಲ್ಲ ಹೊಳೆಯುತ್ತಿದೆ, ತೊಟ್ಟಿ ಒಂದು ಬಿಟ್ಟು. ಬೀಗರು ಬಂದರೆ ಮೊದಲು ಕಾಣುವುದು ಅದೇ. ಮಾನ ಹೋಯಿತಲ್ಲ! ಪಂಚೆ ಎತ್ತಿ ಕಟ್ಟಿದ. ಜೀವನವಿಡೀ ಪಾತ್ರೆ ಹೊಳೆಸಿದವನಿಗೆ ಒಂದು ತೊಟ್ಟಿ ಏನು ಮಹಾ? ಮೀನನ್ನು ಒಂದು ಪಾತ್ರೆಗೆ ಬಿಟ್ಟು, ಹಸಿರು ನೀರನ್ನೆಲ್ಲ ಬಕೆಟ್ಟುಗಳಿಗೆ ತೆಗೆದು ಚರಂಡಿಗೆ ಹೊರಟ. ಹೆಂಡತಿ ಅಡ್ಡ ಬಂದಳು:

“ಸುರೀಬೇಡಿ, ಇಲ್ಲಿ ಕೊಡಿ. ಹಿತ್ತಲಲ್ಲಿ ಕರಿಬೇವಿಗೆ ಹಾಕ್ತೀನಿ.”

“ಬೀಗರು ಬರೋ ಹೊತ್ತಲ್ಲಿ ಈ ಗಲೀಜು ಇಟ್ಟುಕೊಂಡು ಮೆರೀತೀಯಾ?”

“ನಿಮಗೆ ಗಲೀಜು, ಗಿಡಕ್ಕೆ ಊಟ” ಅಂದು ಅವಳು ಬಕೆಟ್ಟುಗಳನ್ನು ಹಿತ್ತಲಿಗೆ ಸಾಗಿಸಿದಳು. ಒಲೆಯ ಮೇಲೆ ಹೋಳಿಗೆಗೆ ಬೇಳೆ ಇಟ್ಟಿದ್ದಳು. ಗಿಡಕ್ಕೆ ಆಮೇಲೆ ಹಾಕಿದರಾಯಿತು ಅಂತ ಅಲ್ಲೇ ಇಟ್ಟು ಒಳಗೆ ಓಡಿದಳು.

ಇತ್ತ ಸಾಹುಕಾರ ಪಾತ್ರೆ ಉಜ್ಜುವ ಪುಡಿ ಹಾಕಿ, ತೆಂಗಿನ ನಾರು ಹಿಡಿದು ಗಾಜನ್ನು ತಿಕ್ಕಿದ. ಕಲ್ಲು ತಿಕ್ಕಿದ. ನೀರು ಸೋಸುವ ಸ್ಪಂಜನ್ನೂ ಬಿಡಲಿಲ್ಲ, ಅದನ್ನೂ ಹಿಂಡಿ ಹಿಂಡಿ ಬೆಳ್ಳಗೆ ಮಾಡಿದ. ಆಮೇಲೆ ಆಗತಾನೆ ಬಂದ ನಲ್ಲಿ ನೀರನ್ನು ಮೂಗಿಗೆ ಬ್ಲೀಚಿಂಗ್ ಪುಡಿಯ ವಾಸನೆ ಹೊಡೆಯುತ್ತಿದ್ದರೂ ಅಂಚಿನವರೆಗೆ ತುಂಬಿಸಿದ. ತೊಟ್ಟಿ ಹೇಗೆ ಹೊಳೆಯಿತು ಅಂತೀರಿ! ಒಳಗೆ ನೀರಿದೆಯೋ ಇಲ್ಲವೋ ಅನ್ನುವ ಹಾಗೆ. “ಮನೆ ಅಂದ್ರೆ ಹೀಗಿರಬೇಕು” ಅಂದುಕೊಂಡು ಮೀನನ್ನು ಬಿಟ್ಟ.

ಮೀನು ಒಂದು ಸುತ್ತು ಹುಚ್ಚು ಹಿಡಿದ ಹಾಗೆ ಓಡಿದವು. ಆಮೇಲೆ ಮೇಲೆ ಬಂದು ಬಾಯಿ ಬಿಡತೊಡಗಿದವು. ಒಂದು ನಿಧಾನವಾಗಿ ಪಕ್ಕಕ್ಕೆ ವಾಲಿತು. ಅದೇ ಹೊತ್ತಿಗೆ ಮಗಳು ಅರ್ಧ ಜಡೆ ಹೆಣೆಸಿಕೊಂಡು, ಮೀನು ನೋಡೋಣ ಅಂತ ಆಸೆಯಿಂದ ಬಂದಳು.

“ಅಪ್ಪಾ... ಇದ್ಯಾಕೆ ಓರೆಯಾಯ್ತು?”

ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಸಾಹುಕಾರ ಏನು ಮಾಡಿದ ಹೇಳಿ? ಹೆಗಲ ಮೇಲಿನ ಬಟ್ಟೆ ತೆಗೆದು ಗಾಜು ಒರೆಸಿದ! ಒಳಗೆ ಜೀವ ಹೋಗುತ್ತಿದೆ, ಇವನು ಹೊರಗೆ ಒರೆಸುತ್ತಿದ್ದಾನೆ. ನಗಬೇಡಿ. ಗಾಬರಿಯಲ್ಲಿ ಮನುಷ್ಯ ತನಗೆ ಬರುವ ಕೆಲಸವನ್ನೇ ಇನ್ನಷ್ಟು ಜೋರಾಗಿ ಮಾಡುತ್ತಾನೆ. ಅದೂ ಆಗದಿದ್ದಾಗ ಕೂಗಿದ, “ಲೇ, ಬಾರೇ ಇಲ್ಲಿ! ಬೇಗ ಬಾರೇ!”

ಅವಳು ಕೈಗೆ ಕಣಕ ಮೆತ್ತಿಕೊಂಡೇ ಓಡಿ ಬಂದಳು. ತೊಟ್ಟಿ ನೋಡಿದಳು, ಮಗಳ ಮುಖ ನೋಡಿದಳು. ಬೈಯಲಿಲ್ಲ. ಹಿತ್ತಲಿಗೆ ಹೋಗಿ ಹಸಿರು ನೀರಿನ ಒಂದು ಬಕೆಟ್ ಎತ್ತಿಕೊಂಡು ಬಂದು ಹಜಾರದ ನಡುವೆ ಇಟ್ಟಳು.

“ಬಿಡಿ ಇದರೊಳಗೆ.”

“ಈ ಗಲೀಜಿಗಾ?”

“ಇಷ್ಟು ದಿನ ಬದುಕಿದ್ದು ಯಾವುದರಲ್ಲಿ ರೀ?”

ಬಿಟ್ಟರು. ಗುಳ್ಳೆ ಬಿಡುವ ಕೊಳವೆಯನ್ನೂ ಅದರೊಳಗೆ ಇಳಿಸಿದರು. ಮಗಳು ನೆಲದ ಮೇಲೆ ಕೂತು ಬಕೆಟ್ಟಿನ ಅಂಚು ಹಿಡಿದುಕೊಂಡಳು. ತಾಯಿ ಕೈ ತೊಳೆದು ಬಂದು ಅವಳ ಬೆನ್ನಿಗೆ ಕೂತು, ಅರ್ಧಕ್ಕೆ ನಿಂತಿದ್ದ ಜಡೆಯನ್ನು ಮುಂದುವರಿಸಿದಳು. ಸಾಹುಕಾರ ನಿಂತೇ ಇದ್ದ. ತುಂಬ ಹೊತ್ತಾದ ಮೇಲೆ ಮಗಳು ಮೆಲ್ಲಗೆ ಅಂದಳು, “ಅಮ್ಮಾ, ನೇರ ಆಯ್ತು. ಅಮ್ಮಾ, ಓಡಾಡ್ತಿದೆ.” ಅಂದವಳು ಅಳತೊಡಗಿದಳು. ಆದರೆ ಅದು ಬೇರೆ ಅಳು.

ನೋಡಿ, ಇಲ್ಲಿ ಸ್ವಲ್ಪ ನಿಲ್ಲಿ. ಹೊಳೆಯುವ ನೀರಿನಲ್ಲಿದ್ದ ಬ್ಲೀಚಿಂಗ್ ಪುಡಿ ಮೀನನ್ನು ಕೊಲ್ಲುತ್ತಿತ್ತು, ಸರಿ. ಆ ಪಾಚಿ ಅಷ್ಟು ದಿನ ಏನು ಮಾಡುತ್ತಿತ್ತು? ಎಲ್ಲರೂ ಪುಣ್ಯ ಅಂತ ಸುರಿದದ್ದು ತಳದಲ್ಲಿ ಕೊಳೆತು ವಿಷವಾಗುತ್ತಿತ್ತಲ್ಲ, ಆ ವಿಷವನ್ನು ಪಾಚಿ ತಿನ್ನುತ್ತಿತ್ತು. ತಿಂದು ತಿಂದು ಹಸಿರಾಗುತ್ತಿತ್ತು. ಸುರಿದವರು ಯಾರು? ಇವರು. ಬೈಸಿಕೊಂಡವರು ಯಾರು? ಅದು. ಹಾಗಂತ ಪಾಚಿ ಬೆಳೆಯಲಿ ಬಿಡಿ ಅನ್ನುತ್ತಿಲ್ಲ ನಾನು. ತೀರಾ ದಟ್ಟವಾದರೆ ಅದೂ ಮೀನಿನ ಉಸಿರು ಕಟ್ಟಿಸುತ್ತದೆ. ಆದರೆ ಪಾಚಿ ಹೋಗಬೇಕಾದರೆ ತಿಕ್ಕಬೇಕಾದದ್ದು ತೊಟ್ಟಿಯನ್ನಲ್ಲ, ಹಿಡಿಯಬೇಕಾದದ್ದು ಸುರಿಯುವ ಕೈಯನ್ನು.

ಸಾಹುಕಾರ ಅದನ್ನೇ ಯೋಚಿಸುತ್ತ ನಿಂತಿದ್ದ. ಯೋಚಿಸುತ್ತ ಅವನ ಕಣ್ಣು ಹೆಂಡತಿಯ ಸೆರಗಿನ ಕಲೆಯ ಮೇಲೆ ಹೋಯಿತು. ತಾನು ಕರೆದ ನೆಂಟರು, ತಾನು ತಟ್ಟೆಯಲ್ಲಿ ಬಿಟ್ಟ ಅನ್ನ, ಹೊರಗೆ ನಕ್ಕು ಬಂದು ಒಳಗೆ ತೋರಿಸಿದ ಸಿಟ್ಟು, ಇದೆಲ್ಲ ಇಷ್ಟು ವರ್ಷ ಎಲ್ಲಿಗೆ ಹೋಯಿತು? ತನ್ನ ಮನೆ ಹೊಳೆಯಿತಲ್ಲ, ಅದರ ಮಸಿ ಯಾರು ತಿಂದರು?

ಅಷ್ಟರಲ್ಲಿ ಬೀಗರು ಬಂದರು. ಮೂಲೆಯಲ್ಲಿ ಥಳಥಳಿಸುವ, ಮೀನಿಲ್ಲದ ತೊಟ್ಟಿ, ಹಜಾರದ ನಡುವೆ ಹಸಿರು ಬಕೆಟ್. ಬೀಗಿತ್ತಿ ಮೂಗಿನ ಮೇಲೆ ಬೆರಳಿಟ್ಟರು. “ಇದೇನು ಬೀಗರೇ, ಅಷ್ಟು ಚಂದದ ಬಂಗಲೆ ಬಿಟ್ಟು ಮೀನನ್ನ ಬಕೆಟ್ಟಲ್ಲಿ ಕೂರಿಸಿದ್ದೀರಿ?” ಅಂದು ಡಬ್ಬಿಗೆ ಕೈ ಹಾಕಿದರು. ಎಲ್ಲರೂ ಸಾಹುಕಾರನ ಮುಖ ನೋಡಿದರು. ಈಗ ಹೆಂಡತಿಯ ಮೇಲೆ ಒಂದು ತಮಾಷೆ ಬರುತ್ತದೆ ಅಂತ ಅವರಿಗೆಲ್ಲ ಗೊತ್ತು. ಅವಳಿಗೂ ಗೊತ್ತು. ಒಳಗೆ ಹೋಗುವುದಕ್ಕೆ ತಿರುಗಿಯೂ ಆಗಿತ್ತು.

“ಪುರಿ ಹಾಕಬೇಡಿ, ಅವಕ್ಕೆ ಹೊಟ್ಟೆ ತುಂಬಿದೆ” ಅಂದ ಸಾಹುಕಾರ. “ತೊಟ್ಟಿ ಹೊಳೆಸಿ ಮೀನು ಸಾಯಿಸ್ತಿದ್ದವನು ನಾನು. ಉಳಿಸಿದವಳು ಇವಳು. ಮೀನು ಒಂದೇ ಅಲ್ಲ ಬೀಗಿತ್ತಿಯವರೇ, ಈ ಮನೇಲಿ ನಾನು ಚೆಲ್ಲಿದ್ದನ್ನೆಲ್ಲ ಬಳಿದವಳು ಇವಳೇ. ನನಗೆ ಕಂಡದ್ದು ಇವತ್ತು.”

ಬೀಗಿತ್ತಿ ಡಬ್ಬಿಯಿಂದ ಕೈ ತೆಗೆದರು. ಹೆಂಡತಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. “ಸಾಕು ಸುಮ್ನಿರಿ” ಅಂದಳು. ಆಮೇಲೆ, ಅಷ್ಟು ವರ್ಷದಲ್ಲಿ ಮೊದಲ ಸಲ, “ಬನ್ನಿ, ಎಲೆ ಹಾಕಿ. ನನ್ನ ಒಬ್ಬಳ ಕೈಲಿ ಆಗಲ್ಲ” ಅಂದಳು. ಸಾಹುಕಾರ ಹೋಗಿ ಎಲೆ ಹಾಕಿದ. ನೀರು ಬಡಿಸಿದ. ಅವಳ ಎಲೆಯನ್ನೂ ಸಾಲಿನಲ್ಲೇ ಹಾಕಿದ.

ಆಮೇಲೆ ಬ್ಲೀಚಿಂಗ್ ನೀರು ಚೆಲ್ಲಿ, ಹಸಿರು ನೀರನ್ನೂ ಮೀನನ್ನೂ ತೊಟ್ಟಿಗೆ ತಿರುಗಿ ಬಿಟ್ಟರು. ಕಿಟಕಿಗೆ ಪರದೆ ಬಂತು, ರಾತ್ರಿ ದೀಪ ಆರಿತು, ಪುರಿ ಡಬ್ಬಿ ಅಟ್ಟ ಸೇರಿತು. ಮೀನಿನ ಆಹಾರವನ್ನೇ ತಂದು, ಒಬ್ಬರೇ, ಚಿಟಿಕೆಯಷ್ಟು ಹಾಕತೊಡಗಿದರು. ಆಗಾಗ ಒಂದಷ್ಟೇ ನೀರು ತೆಗೆದು, ವಾಸನೆ ಹೋಗುವ ಹಾಗೆ ತೆರೆದಿಟ್ಟ ನೀರನ್ನು ತುಂಬಿದರು. ಮುಂದಿನ ಗಾಜು ಒರೆಸಿದರು, ಹಿಂದಿನ ಗಾಜಿಗೆ ಮತ್ತೆ ಹತ್ತಿದ ಹಸಿರನ್ನು ಹಾಗೇ ಬಿಟ್ಟರು. ನೀರು ತಾನಾಗಿ ತಿಳಿಯಾಯಿತು. ಮಗಳಿಗೆ ಸುಖವಾಗಿ ಹೆರಿಗೆಯೂ ಆಯಿತು. ಅದು ಮೀನಿನಿಂದ ಅಲ್ಲಪ್ಪ, ದೇವರ ದಯೆ, ಡಾಕ್ಟರಮ್ಮನ ಕೈಗುಣ. ಅವರಿಗೂ ಒಂದು ನಮಸ್ಕಾರ ಇರಲಿ.

ಈಗ ನಿಮ್ಮ ಮನೆಗೆ ಬರೋಣ. ನಿಮ್ಮ ಮನೆಯಲ್ಲೂ ಒಬ್ಬರು ಗೊಣಗುವವರು ಇದ್ದಾರೋ ಇಲ್ಲವೋ? ತಾಯಿ ಇರಬಹುದು, ಅಣ್ಣ ಇರಬಹುದು, ಗಂಡನೇ ಇರಬಹುದು. ‘ಇವರೊಬ್ಬರು ಸುಮ್ಮನಿದ್ದರೆ ಮನೆ ಎಷ್ಟು ಚೆನ್ನಾಗಿರುತ್ತಿತ್ತು’ ಅಂತ ನಿಮಗೆ ಅನ್ನಿಸಿದೆಯೋ ಇಲ್ಲವೋ? ಅವರನ್ನು ತಿಕ್ಕುವುದಕ್ಕೆ ಹೋಗಬೇಡಿ. ಇವತ್ತು ಹೋಗಿ ಅವರ ಗೊಣಗಾಟ ಪೂರ್ತಿ ಕೇಳಿ. ಅದರಲ್ಲಿ ನೀವು ಸುರಿದದ್ದು ಯಾವುದು ಅಂತ ಹುಡುಕಿ. ಸಿಕ್ಕೇ ಸಿಗುತ್ತದೆ. ಅದೊಂದನ್ನು ನಾಳೆಯಿಂದ ಸುರಿಯಬೇಡಿ. ನಿಮ್ಮ ತಟ್ಟೆ ನೀವು ಎತ್ತಿ. ಹೊರಗಿನ ಸಿಟ್ಟನ್ನು ಚಪ್ಪಲಿಯ ಜೊತೆ ಹೊರಗೇ ಬಿಡಿ. ಮತ್ತೆ, ಬೈಯುವುದನ್ನು ನಾಲ್ಕು ಜನರ ಮುಂದೆ ಮಾಡುತ್ತೀರಲ್ಲ, ಹಾಗೇ ಒಂದು ಒಳ್ಳೆಯ ಮಾತನ್ನೂ ನಾಲ್ಕು ಜನರ ಮುಂದೆ ಆಡಿ. ಕೋಣೆಯೊಳಗೆ ಪಿಸುಗುಟ್ಟಿದರೆ ಸಾಲದು.

ಇನ್ನು ನಾಳೆಯವರೆಗೂ ಯಾಕೆ ಕಾಯಬೇಕು? ಸಾರಿನ ಪರಿಮಳ ಇಲ್ಲಿಯವರೆಗೆ ಬರುತ್ತಿದೆ. ಪ್ರಸಾದಕ್ಕೆ ಅಕ್ಕಿ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳಿದೆವು, ಶಾಲು ಹೊದಿಸಿದೆವು, ಸರಿ. ಮಧ್ಯಾಹ್ನದಿಂದ ಹೊಗೆಯಲ್ಲಿ ನಿಂತು ಬೇಯಿಸಿದವರ ಹೆಸರು ನಿಮ್ಮಲ್ಲಿ ಯಾರಿಗೆ ಗೊತ್ತು? ಕೈ ಎತ್ತಿ ನೋಡೋಣ.

ಗೊತ್ತಿಲ್ಲ ಅಲ್ಲವೇ? ಹಾಗಾದರೆ ಸಾಲು ನಿಲ್ಲುವ ಮೊದಲು ಅಡುಗೆಮನೆಯ ಬಾಗಿಲಿಗೆ ಹೋಗಿ, ಹೆಸರು ಕೇಳಿ, ಕೈ ಮುಗಿದು ಬಂದು ಕೂರೋಣ. ಏಳಿ, ನಾನು ಮುಂದೆ ನಡೆಯುತ್ತೇನೆ.