ಅಡುಗೆಯವನ ಹೆಸರಿನಲ್ಲಿ ನನ್ನ ದವಡೆ

ಹೆಸರು ವಾರಿಜಾಕ್ಷಿ, ಗಂಡ ದೇವದಾಸ, ವಯಸ್ಸು 57, ಉದ್ಯೋಗ ಸಸ್ಯಾಹಾರಿ ಹೋಟೆಲು, ವಾಸ ನಾಸಿಕ್ ರೋಡ್ ಸ್ಟೇಷನ್ ಹತ್ತಿರ. ಹಲ್ಲಿನ ಡಾಕ್ಟರು ಉತ್ಕರ್ಷ ಅವರು ನನ್ನ ಮೇಲೆ ಕೊಟ್ಟ ದೂರಿನ ಬಗ್ಗೆ ಠಾಣೆಯಲ್ಲಿ ಕೇಳಿದ್ದಕ್ಕೆ ನಾನು ಹೇಳಿ ಬರೆಸುವುದೇನೆಂದರೆ:

ಮಹಾದೇವಪ್ಪ ನಮ್ಮ ಹೋಟೆಲಿನ ಅಡುಗೆಯವನು. ಕಳೆದ ಫೆಬ್ರವರಿಯಲ್ಲಿ ಛತ್ರಪತಿ ಸಂಭಾಜಿನಗರದಲ್ಲಿ ಮಗಳು ಅಶ್ವಿತಾಳ ಮಗುವಿನ ನಾಮಕರಣಕ್ಕೆ ಅಡುಗೆ ಮಾಡಲು ಅವನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೂ ನನಗೂ ಕೆಳದವಡೆಯ ಬಲಗಡೆ ಒಂದು ಹಲ್ಲು ಇರಲಿಲ್ಲ. ಸ್ಕ್ರೂ ಕೂರಿಸಿ ಹೊಸ ಹಲ್ಲು ಕಟ್ಟುವ ಮೊದಲು ಸ್ಕ್ಯಾನ್ ಬೇಕೆಂದು ಈ ಡಾಕ್ಟರು ಮೊದಲೇ ಹೇಳಿದ್ದರಿಂದ ಅಲ್ಲೇ ಒಂದೇ ದಿನ ಮಾಡಿಸಿದೆವು. ಕೆಲಸದವರ ಆಸ್ಪತ್ರೆ, ರೈಲು ಟಿಕೆಟ್ ಎಲ್ಲಕ್ಕೂ ನನ್ನ ಮೊಬೈಲ್ ನಂಬರು ಕೊಡುವುದು ನಮ್ಮ ಹೋಟೆಲಿನ ರೂಢಿ. ಅಲ್ಲಿಯೂ ಕೊಟ್ಟೆ. ಸ್ಕ್ಯಾನಿನವರು ಹೆಸರು ಹಾಕದೆ ಆ ಒಂದೇ ನಂಬರಿನಲ್ಲಿ ಎರಡನ್ನೂ ಡಾಕ್ಟರಿಗೆ ಕಳಿಸಿದ್ದರು.

ಮಾರ್ಚ್‌ನಲ್ಲಿ ನನಗೆ ಸ್ಕ್ರೂ ಕೂರಿಸಿದರು. ಅಂದಿನಿಂದ ಕೆಳತುಟಿಯ ಬಲಭಾಗ ಮರಗಟ್ಟಿದೆ. ಅನ್ನದ ಅಗುಳು ಅಂಟಿದ್ದರೂ ತಿಳಿಯದು. ಗಲ್ಲಾದಲ್ಲಿ ಕೂತು ಸುಮ್ಮಸುಮ್ಮನೆ ಬಾಯಿ ಒರೆಸಿಕೊಳ್ಳುತ್ತೇನೆ. ಸರಿಹೋಗುತ್ತದೆ ಎಂದು ಡಾಕ್ಟರು ಹೇಳುತ್ತಲೇ ಬಂದರು.

14-6-2025ರಂದು ಬೆಳಿಗ್ಗೆ 11ಕ್ಕೆ ಮಹಾದೇವಪ್ಪನ ಸರದಿ ಇತ್ತು. ದಾರಿಯಲ್ಲಿ ಅವನು, "ಅಕ್ಕಾರ, ನಾ ಸಾರು ತುಟಿಗೆ ಹಚ್ಚಿ ಬಿಸಿ ನೋಡಾಂವ್ರಿ. ನಿಮಗಾದಂಗ ನನಗೂ ಆದ್ರ ಹೆಂಗ್ರಿ?" ಎಂದ. ಏನೂ ಆಗುವುದಿಲ್ಲ ಎಂದು ನಾನೇ ಒಳಗೆ ಕಳಿಸಿ, ಬಾಗಿಲಲ್ಲಿ ನಿಂತೆ.

ಸೂಜಿ ಕೊಟ್ಟ ಮೇಲೆ ಡಾಕ್ಟರು ಪರದೆ ತೋರಿಸಿ, ನಿನ್ನ ದವಡೆಯೊಳಗಿನ ನರ ಬಲಗಡೆ ಎರಡಾಗಿ ಕವಲೊಡೆದಿದೆ, ಇದು ಕೆಲವರಿಗೆ ಮಾತ್ರ, ಅದನ್ನು ತಪ್ಪಿಸಿ ಸ್ಕ್ರೂ ಕೂರಿಸುತ್ತೇನೆ ಎಂದು ಹಿಂದಿಯಲ್ಲಿ ಹೇಳಿದರು. ಆ ಚಿತ್ರದ ಎಡಗಡೆ, ಹಿಂದಿನ ಹಲ್ಲಿನ ಮೇಲೆ ಲೋಹದ ಕ್ಯಾಪ್ ಬೆಳ್ಳಗೆ ಕಾಣುತ್ತಿತ್ತು. ಮಹಾದೇವಪ್ಪನಿಗೆ ಕ್ಯಾಪ್ ಇಲ್ಲ, ನನಗಿದೆ. ಆ ಕವಲು ನನ್ನದು. ಮಾರ್ಚ್‌ನಲ್ಲಿ ಅವನ ಚಿತ್ರ ನೋಡಿ ನನಗೆ ಸ್ಕ್ರೂ ಕೂರಿಸಿರಬೇಕು. ಅವನ ನರ ಎಲ್ಲಿದೆಯೆಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅದು ನನ್ನ ದವಡೆ ಎಂದು ಮರಾಠಿಯಲ್ಲಿ ಎರಡು ಸಲ ಹೇಳಿದೆ. ಹೊರಗೆ ಕೂರಿ ಎಂದು ಹೇಳಿ ಅವರು ಕೊರೆಯುವ ಯಂತ್ರ ಎತ್ತಿಕೊಂಡರು. ಹೋಗಿ ಅವರ ಮಣಿಕಟ್ಟು ಹಿಡಿದದ್ದು ನಿಜ, ಟ್ರೇ ಬಿದ್ದದ್ದೂ ನಿಜ. ಆಮೇಲೆ ಅವರು ಮಹಾದೇವಪ್ಪನ ಬಾಯಿ ತೆರೆಸಿ ನೋಡಿದರು. ಕ್ಯಾಪ್ ಇಲ್ಲದ್ದು ಕಂಡು ಕೈಗವಸು ಕಳಚಿದರು. ದೂರಿನಲ್ಲಿ ಟ್ರೇ ಬಿದ್ದದ್ದು ಇದೆ, ಕ್ಯಾಪಿನ ಮಾತಿಲ್ಲ. ಎರಡೂ ಸ್ಕ್ಯಾನುಗಳನ್ನು ಅಳಿಸುವ ಮೊದಲು ವಶಕ್ಕೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.

ಈ ಹೇಳಿಕೆ ಕೊಡುವಾಗ ಠಾಣೆಯಲ್ಲಿ ಕೊಟ್ಟ ಚಹಾ ನನ್ನ ತುಟಿಯಿಂದ ಇಳಿದು ಸೀರೆ ಒದ್ದೆಯಾಗಿದೆ. ಮಹಾದೇವಪ್ಪ ಟವೆಲ್ ಕೊಟ್ಟಾಗಲೇ ನನಗೆ ತಿಳಿಯಿತು. ಸೂಜಿಯ ಜೋಮು ಇಳಿದು, ಅವನು ತನ್ನ ಚಹಾ ಊದಿ ಕುಡಿಯುತ್ತಿದ್ದಾನೆ. ಇದನ್ನೂ ಬರೆದುಕೊಳ್ಳಬೇಕೆಂದು ಕೇಳಿದ್ದೇನೆ.

ನನಗೆ ಮರಾಠಿ ಬರೆಯಲು ಬಾರದ್ದರಿಂದ, ನಮ್ಮ ಹೋಟೆಲಿಗೆ ಊಟಕ್ಕೆ ಬರುವ ಬ್ಯಾಂಕಿನ ನರಹರಿಯವರು ಕನ್ನಡದಲ್ಲಿ ಬರೆದು ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ನಾಸಿಕ್ ರೋಡ್
ದಿನಾಂಕ: 14-6-2025
ಸಹಿ: ವಾರಿಜಾಕ್ಷಿ