ಅಜ್ಜಿಯ ಅರ್ಧ ಕಿರುಬೆರಳು

ಬಸ್ಸಿನಲ್ಲಿ ತೂಕಡಿಸುತ್ತಿದ್ದ ವೆಲ್ಡರ್‌ನ ಕಿವಿಗೆ ಮುಂದಿನ ಸೀಟಿನ ಮುದಿ ಶಿಲ್ಪಿ ಮತ್ತು ಮೊಮ್ಮಗಳ ಮಾತು ಬಿತ್ತು. ಅವಳ ಫೋನಿನಲ್ಲಿ ಕಲ್ಲಿನ ಹೆಂಗಸೊಬ್ಬಳು ನೀರಿನ ಮೇಲೆ ನಡೆಯುತ್ತಿದ್ದಳು.

“ನೀನು ಕೆತ್ತಿದ ಅಜ್ಜಿ, ತಾತ. ಫೋಟೋ ಕೊಟ್ಟೆ, ಎಐ ನಡೆಸಿಬಿಡ್ತು.”

“ನಡಿಗೆ ಅವಳದೇ ಕಣೇ. ಕಿರುಬೆರಳು ಯಾರದು?”

“ಮುರಿದಿತ್ತಲ್ಲ, ಸರಿಮಾಡ್ತು.”

“ಮುರಿದಿರಲಿಲ್ಲ. ಅವಳಿಗಿದ್ದದ್ದೇ ಅರ್ಧ. ನಾಳೆ ಪ್ರದರ್ಶನದಲ್ಲಿ ಇದನ್ನ ತೋರಿಸಬೇಡ, ಇದು ಅವಳಲ್ಲ.”

“ತಡಿ, ಅಳಿಸ್ತೀನಿ. ಅಯ್ಯೋ, ಮತ್ತೆ ಬೆಳೀತು!”

“ಅದಕ್ಕೇನು ಗೊತ್ತು ಪಾಪ, ಬೆರಳು ಹೋದ ಕಥೆ?”

“ಹೇಳು, ಎಐಗೆ ಬರೆದು ಕೊಡ್ತೀನಿ.”

“ಅವಳು ಕಲ್ಲು ಹಿಡಿದು ಕೂತಿದ್ಲು. ನಾನು ಸುತ್ತಿಗೆ ಬೀಸಿದೆ.”

“ಕಣ್ಣೆಲ್ಲಿಟ್ಟಿದ್ದೆ ತಾತ?”

“ಅವಳ ಮುಖದ ಮೇಲೆ.”

ನಿಲ್ದಾಣ ಬಂತು. ತಾತನ ತೋಳು ಹಿಡಿದು ಇಳಿಯುತ್ತಾ ಮೊಮ್ಮಗಳು ಫೋನು ನೋಡಿದಳು.

“ಅರ್ಧ ಬೆರಳೇ ಬಂತು ತಾತ! ಪಕ್ಕದಲ್ಲಿ ನೀನೂ ನೀರಿನ ಮೇಲೆ ನಡೀತಿದ್ದೀಯ, ಇನ್ನೂ ಅವಳ ಮುಖಾನೇ ನೋಡ್ತಾ.”